ಜರಡಿಯಕ್ಕನ ಬೆರಳೆಣಿಕೆ

ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿ ಕೊಟ್ಟ ಮೊತ್ತವನ್ನು ಬೆರಳ ಗೆಣ್ಣುಗಳ ಮೇಲೆ ಮತ್ತೊಮ್ಮೆ ಎಣಿಸಿ ನೋಡುವ ಹೆಂಗಸನ್ನು ನಾನು ಜನ್ಮದಲ್ಲಿ ಒಬ್ಬಳನ್ನೇ ಕಂಡಿದ್ದೇನೆ. ನಮ್ಮ ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ ವರದಿ ತಯಾರಿಸುವ ಆಕೆಯನ್ನು ಎಲ್ಲರೂ ಕರೆಯುವುದು ಜರಡಿಯಕ್ಕ ಎಂದು. ಸಾವಿರಾರು ಸಾಲುಗಳ ಕೋಷ್ಟಕಗಳಿಗೆ ಫಿಲ್ಟರ್ ಹಾಕಿ, ಬೇಕಾದ ತಿಂಗಳು, ಬೇಕಾದ ವಿಭಾಗವನ್ನಷ್ಟೇ ಸೋಸಿ ತೆಗೆಯುವುದು ಆಕೆಯ ಕಸುಬು. ಬೇಸಿಗೆಯಲ್ಲೂ ಬಿಚ್ಚದ ಬೂದು ಕೋಟು, ಅದರ ಜೇಬಿನಲ್ಲಿ ಮೊಂಡು ಪೆನ್ಸಿಲ್‌ಗಳ ದೊಡ್ಡ ಸಂಸಾರ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಧಾವಂತದ ಗತಿ, ಮಾತಿಗೊಮ್ಮೆ ‘ಇರಿ, ಇರಿ’ ಎಂಬ ತಡೆ. ಆ ‘ಇರಿ’ಗೆ ನಾವೆಲ್ಲ ನಗುತ್ತಿದ್ದೆವು; ಸುಳ್ಳೇಕೆ, ನಾನೇ ಹೆಚ್ಚು ನಗುತ್ತಿದ್ದೆ.

ಆ ಬುಧವಾರ ಮಾತ್ರ ನಗು ಬರಲಿಲ್ಲ. ನಮ್ಮ ಮೂರು ಕಾರ್ಯಾಗಾರಗಳಲ್ಲಿ ಅತಿ ಚಿಕ್ಕದಾದ ಮೂರನೆಯದರ ಗಾಜುಗಳು ನೂರಕ್ಕೆ ಮೂವತ್ತರಂತೆ ದೋಷವೆಂದು ವಾಪಸಾಗುತ್ತಿವೆಯೆಂದು ಜರಡಿಯಕ್ಕನದೇ ವರದಿ ಸಾರಿತ್ತು. ಆ ಕಾರ್ಯಾಗಾರವನ್ನು ಮುಚ್ಚಿ ಹನ್ನೊಂದು ಜನರನ್ನು ಮನೆಗೆ ಕಳಿಸುವ ನೋಟೀಸನ್ನು, ಕಚೇರಿಯ ಪತ್ರ ಬರೆಯುವ ನಾನೇ ಬರೆದಿದ್ದೆ. ಸಭೆಯಲ್ಲಿ ಸಹಿಯೊಂದೇ ಬಾಕಿ. ಇಪ್ಪತ್ತಾರು ವರ್ಷ ಅಲ್ಲಿ ಗಾಜು ಉಜ್ಜಿದ ಮೇಸ್ತ್ರಿ ಬಾಗಿಲ ಬಳಿ ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದ.

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಹೊರಗೆ ಆ ಧಾವಂತದ ಹೆಜ್ಜೆ ಕೇಳಿಸಿತು.

“ಇರಿ, ಇರಿ. ತಪ್ಪು ನಂದೇ.”

ಏದುಸಿರು ಬಿಡುತ್ತಲೇ ಆಕೆ ಪರದೆಯ ಮೇಲೆ ವರದಿ ತೆರೆದು, ಶೇಕಡಾ ಲೆಕ್ಕವನ್ನು ಸರಿಸಿ, ವಾಪಸಾದ ಗಾಜುಗಳ ಬರೀ ಎಣಿಕೆಯನ್ನು ತೋರಿಸಿದಳು. ಅಬ್ಬಾ! ಮೂರೂ ಕಾರ್ಯಾಗಾರಗಳ ಮುಂದೆ ಒಂದೇ ಅಂಕಿ, ಆರುನೂರ ಹನ್ನೆರಡು. ತಯಾರಿಕೆಯ ಕೋಷ್ಟಕಕ್ಕೆ ಹಾಕಿದ ಫಿಲ್ಟರು ವಾಪಸಾತಿಯ ಕೋಷ್ಟಕವನ್ನು ಮುಟ್ಟಿಯೇ ಇರಲಿಲ್ಲ; ಎರಡನ್ನೂ ಬೆಸೆಯುವ ಕೊಂಡಿ ಹಾಕಲು ಆಕೆ ಮರೆತಿದ್ದಳು. ಇಡೀ ಕಾರ್ಖಾನೆಯ ಆ ಆರುನೂರ ಹನ್ನೆರಡು ದೋಷವೂ ಮೂರನೆಯವರ ಎರಡು ಸಾವಿರದ ನಲವತ್ತು ಗಾಜುಗಳ ತಲೆಗೇ ಬಂದು ಕೂತಿತ್ತು! ಬೆಳಿಗ್ಗೆ ಗೋದಾಮಿನಲ್ಲಿ ಕೂತು, ಮೂರನೆಯವರ ವಾಪಸಾತಿ ಚೀಟಿಗಳನ್ನು ಆಕೆ ಬೆರಳಲ್ಲಿ ಎಣಿಸಿದ್ದಳಂತೆ: ನಲವತ್ತೊಂದೇ.

ಎಲ್ಲರೆದುರೇ ಕೊಂಡಿ ಹಾಕಿದಳು. ಮೂರನೆಯದರ ಮೂವತ್ತು ಇಳಿದು ಎರಡಾಯಿತು. ಮೂರು ಕಾರ್ಯಾಗಾರಗಳ ಪೈಕಿ ಅದೇ ಅತಿ ಕಡಿಮೆ. ಮ್ಯಾನೇಜರು ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು.

“ಅಂದ್ರೆ... ನಾಳೆ ಬರ್ಬೋದಾ?” ಮೇಸ್ತ್ರಿ ಕೇಳಿದ.

“ಎಂಟಕ್ಕೇ ಬನ್ನಿ, ಅಣ್ಣ,” ಎಂದಳು ಜರಡಿಯಕ್ಕ.

ನೋಟೀಸನ್ನು ನಾನೇ ಹರಿದೆ, ಎಂಥ ಖುಷಿಯಿಂದ ಹರಿದೆ! ಈ ಬಗೆಯ ಜನ ನಮ್ಮ ಹೊತ್ತು ತಿನ್ನುತ್ತಾರೆ, ತಲೆ ತಿನ್ನುತ್ತಾರೆ, ಎಲ್ಲರೂ ತಲೆಯಾಡಿಸಿದ ಅಂಕಿಯನ್ನೂ ಮತ್ತೊಮ್ಮೆ ಮುಟ್ಟಿ ನೋಡದೆ ಬಿಡುವುದಿಲ್ಲ, ಹಾಗೆ ನೋಡಿ ತಮ್ಮದೇ ಮರ್ಯಾದೆ ಹೋದರೂ ಲೆಕ್ಕಿಸುವುದಿಲ್ಲ. ಅಂಥವರೊಬ್ಬರು ಇರುವ ಕಡೆ, ಬೆಳಿಗ್ಗೆ ಎಂಟಕ್ಕೆ ಹನ್ನೊಂದು ಜನ ಕೆಲಸಕ್ಕೆ ಬರುತ್ತಾರೆ.