ತಕ್ಕಡಿಯ ತಂತಿ ಕಿತ್ತ ದಿನ

ಕಾರ್ತಿಕದ ಆ ಸೋಮವಾರ ಬೆಳಗ್ಗೆ ಬಿಸಿಲೂ ತುಂತುರೂ ಒಟ್ಟಿಗೇ ಬಂದವು. ಗೋವಿಂದರಾಜನಗರದ ತಾರಸಿಗಳ ಮೇಲೆ ಹರವಿದ್ದ ಬಟ್ಟೆಯನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ಹೆಂಗಸರು ಆಕಾಶ ನೋಡಿ ನಗುತ್ತಿದ್ದರು. ಶಿವನಿಗೇ ಅಂದು ಎರಡು ಮನಸ್ಸಾದಂತಿತ್ತು. ಎರಡೂ ಒಳ್ಳೆಯ ಮನಸ್ಸೇ.

ವಚನಾ ಇಷ್ಟಲಿಂಗದ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಅಡುಗೆಮನೆಗೆ ಬಂದಳು. ತಾಯಿ ಜಗದಾಂಬಾ ರೊಟ್ಟಿ ತಟ್ಟುತ್ತಿದ್ದರು.

"ಅಮ್ಮ, ಇವತ್ತು ನನ್ ಹೆಸ್ರು ಕರ್ನಲ್ ಒಳಗೆ ಹೋಗತ್ತೆ."

"ಅದೆಲ್ಲೇ ಇರೋದು?"

"ಕಂಪ್ಯೂಟರ್‌ದು ತಳಪಾಯ ಅಮ್ಮ. ಲಿನಕ್ಸ್ ಅಂತ ಇದ್ಯಲ್ಲ, ಅದರ ತಳಪಾಯ. ಊರೂರಿನ ಜನ ಸೇರಿ ಕಟ್ಟಿದಾರೆ. ಯಾರು ಏನು ಸರಿ ಮಾಡಿದ್ರೋ ಅವರ ಹೆಸ್ರು ಅಲ್ಲೇ ಉಳ್ಕೊಳ್ಳತ್ತೆ."

"ಮಠದ ಗೋಡೆ ಮೇಲೆ ದಾನಿಗಳ ಹೆಸ್ರು ಬರೆಸ್ತಾರಲ್ಲ, ಹಂಗಾ?"

"ಹಂಗೇ. ಆದ್ರೆ ಇಲ್ಲಿ ಕೆಲ್ಸ ಮಾಡಿದೋರ ಹೆಸ್ರು."

"ಹಂಗಾದ್ರೆ ಎರಡು ರೊಟ್ಟಿ ಜಾಸ್ತಿ ತಿನ್ನು," ಎಂದರು ಜಗದಾಂಬಾ.

ಅವಳು ಕೆಲಸ ಮಾಡುವ ಕಂಪನಿ ರಾಜಾಜಿನಗರದ ಕೈಗಾರಿಕಾ ಬೀದಿಯಲ್ಲಿ, ಬೇರಿಂಗ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಹಾಲಿನ ಡೇರಿಗಳ ತಕ್ಕಡಿಯನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆಗಳನ್ನು ಅಲ್ಲಿ ಮಾಡುತ್ತಿದ್ದರು. ತಕ್ಕಡಿಯ ಮಾತು ಕಂಪ್ಯೂಟರಿಗೆ ತಿಳಿಯಲು ಬೇಕಾದ ಕೋಡ್ ಕರ್ನಲ್ಲಿನೊಳಗೇ ಇತ್ತು. ಅದನ್ನು ಕೆಲವು ವರ್ಷಗಳ ಹಿಂದೆ ಬರೆದವನು ಶಶಿಕುಮಾರ್. ಈಗ ಅವಳ ಪಕ್ಕದ ಮೇಜಿನವನು. ವಚನಾ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳ ಹೆಸರು ಹೊತ್ತ ಒಂದು ಸಾಲೂ ಜಗತ್ತಿನಲ್ಲಿರಲಿಲ್ಲ.

ಹಿಂದಿನ ವಾರ ಹೊಸ ಕಂಪೈಲರ್ ಹಾಕಿಕೊಂಡಾಗ ಅದು ಶಶಿಯ ಕೋಡಿನ ಮೇಲೆ ಒಂದು ಎಚ್ಚರಿಕೆ ಕೊಟ್ಟಿತ್ತು. ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಕಂಪೈಲರ್ ಎಲ್ಲವನ್ನೂ ಒಮ್ಮೆ ಓದುತ್ತದೆ. ಅನುಮಾನ ಬಂದರೆ ಹೇಳುತ್ತದೆ. "ಈ ಪಾಯಿಂಟರನ್ನು ಮೊದಲು ಬಳಸಿದ್ದೀರಿ, ಅದು ಖಾಲಿಯೇ ಎಂದು ಆಮೇಲೆ ನೋಡಿದ್ದೀರಿ" ಎಂಬುದು ಅದರ ತಕರಾರು.

ಪಾಯಿಂಟರ್ ಅಂದರೆ ವಿಳಾಸ ಬರೆದ ಚೀಟಿ. ಒಮ್ಮೊಮ್ಮೆ ಚೀಟಿ ಖಾಲಿ ಇರುತ್ತದೆ. ಲಗ್ನಪತ್ರಿಕೆ ಹಂಚಲು ಹೊರಟವನು ಖಾಲಿ ಚೀಟಿ ಹಿಡಿದು, ಇಲ್ಲದ ಮನೆಯ ಹೊಸ್ತಿಲು ದಾಟಿ, ಆಮೇಲೆ "ಇಲ್ಲಿ ಮನೆ ಇದೆಯಾ?" ಎಂದು ಕೇಳಿದರೆ ಹೇಗೆ? ಬೀಳುವವನು ಆಗಲೇ ಬಿದ್ದಿರುತ್ತಾನೆ. ಕರ್ನಲ್ಲಿನೊಳಗೆ ಹಾಗೆ ಬಿದ್ದರೆ ಇಡೀ ಯಂತ್ರವೇ ಬೀಳುತ್ತದೆ.

"ಶಶಿ ಅಣ್ಣ, ನಿಮ್ ಕೋಡಲ್ಲಿ ಖಾಲಿಯಾ ಅಂತ ನೋಡೋ ಚೆಕ್ ಕೆಳಗಿದೆ."

"ಇದೆ ತಾನೆ? ಇಲ್ದೆ ಇರೋದಕ್ಕಿಂತ ವಾಸಿ ಅಲ್ವಾ ತಾಯಿ?"

"ಮಳೆಲಿ ನೆಂದು ಮನೆಗೆ ಬಂದ್ಮೇಲೆ ಛತ್ರಿ ಬಿಚ್ಚಿದಂಗಿದೆ."

"ಏನ್ ಬಾಯಮ್ಮಾ ನಿಂದು! ಕೆಲವು ಸಲ ಮನೆ ಸೋರತ್ತೆ, ಅವಾಗ ಬೇಕಾಗತ್ತೆ ಬಿಡು." ಶಶಿ ನಕ್ಕು ತನ್ನ ಹಳೆಯ ಸಾಲುಗಳನ್ನು ನೋಡಿ ತಲೆ ಕೆರೆದುಕೊಂಡ. "ಹೋಗು, ಸರಿ ಮಾಡು. ನಿನ್ ಹೆಸ್ರಲ್ಲೇ ಕಳ್ಸು."

ಎಚ್ಚರಿಕೆಯ ಬಾಯಿ ಮುಚ್ಚಿಸುವುದು ಸುಲಭವಿತ್ತು. ಕೆಳಗಿನ ಚೆಕ್ ಅಳಿಸಿದರೆ ಕಂಪೈಲರ್ ಸುಮ್ಮನಾಗುತ್ತಿತ್ತು. ವಚನಾ ಅಳಿಸಲಿಲ್ಲ, ಮೇಲಕ್ಕೆ, ಹೊಸ್ತಿಲು ದಾಟುವ ಮುಂಚಿನ ಜಾಗಕ್ಕೆ ತಂದಳು. ಆ ಸೋಮವಾರ ಬೆಳಗ್ಗೆ ಮೂಲೆಯಲ್ಲಿದ್ದ, ಎಲ್ಲರೂ ಬಳಸುವ ಪರೀಕ್ಷೆಯ ಕಂಪ್ಯೂಟರಿನಲ್ಲಿ ಕೊನೆಯ ಸಲ ಓಡಿಸಿ ನೋಡಿ, ಮನಸ್ಸಿನಲ್ಲೇ ಕೈಮುಗಿದು, ಅಲ್ಲಿಂದಲೇ ಕರ್ನಲ್ ಮಂದಿಗೆ ಕಳಿಸಿಬಿಟ್ಟಳು.

ತನ್ನ ಮೇಜಿಗೆ ಬಂದು ಕರ್ನಲ್ ಮಂದಿಯ ಬಹಿರಂಗ ಮೇಲ್ ಪುಟ ತೆರೆದಳು. ತಿದ್ದುಪಡಿ ಬಂದಿತ್ತು. ಬರೆದವರು: ಗಿರಿರಾಜ್.

ಗಿರಿರಾಜ್ ಅವಳ ತಂಡದ ಹಿರಿಯ. ಮೂಲೆಯ ಆ ಕಂಪ್ಯೂಟರನ್ನು ಮೊದಲು ಜೋಡಿಸಿದವನು ಅವನೇ. ಅಂದು ಅದರೊಳಗೆ ತನ್ನ ಹೆಸರು ಕೊಟ್ಟಿದ್ದ. ಅಲ್ಲಿಂದ ಯಾರು ಏನು ಕಳಿಸಿದರೂ ಅವನ ಹೆಸರೇ ಅಂಟಿಕೊಳ್ಳುತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಮಾತು, ಎಲ್ಲರೂ ಕಳಿಸುವ ಮೊದಲು ಬದಲಿಸುತ್ತಿದ್ದರು. ವಚನಾಳಿಗೂ ಗೊತ್ತಿತ್ತು. ಸಂಭ್ರಮದಲ್ಲಿ ಕಳಿಸಿ, ಆಮೇಲೆ ನೋಡಿದ್ದಳು.

ಕರ್ನಲ್ಲಿನ ಆ ಭಾಗವನ್ನು ನೋಡಿಕೊಳ್ಳುವ ಉಸ್ತುವಾರಿಯವರು ಒಪ್ಪಿ ಒಳಗೆ ಸೇರಿಸಿಬಿಟ್ಟರೆ ಆ ಹೆಸರನ್ನು ಮತ್ತೆ ಯಾರೂ ತಿದ್ದುವುದಿಲ್ಲ. ಗಿರಿರಾಜನಿಗೆ ಹೇಳೋಣವೆಂದರೆ ಅವನು ಇಲ್ಲೇ ಊರಂಚಿನ ಉಲ್ಲಾಳದ ಡೇರಿಯೊಂದಕ್ಕೆ ತಕ್ಕಡಿ ಜೋಡಿಸಲು ಹೋಗಿದ್ದ. ಫೋನ್ ಕೈಗೆತ್ತಿಕೊಂಡಳು, ಇಟ್ಟಳು. 'ಸಾರ್, ಅದು ನಂದು' ಎಂದು ಹೇಗೆ ಹೇಳುವುದು? ತಪ್ಪೂ ತನ್ನದೇ.

ಅಷ್ಟರಲ್ಲಿ ಮಾಲೀಕ ಚನ್ನವೀರೇಶ್ ಆ ಮೇಲ್ ನೋಡಿ ಬಾದುಷಾ ತರಿಸಿಬಿಟ್ಟಿದ್ದರು. ಪ್ಯಾಂಟಿಗೆ ಕೆಸರು ಹಾರಿಸಿಕೊಂಡು ಗಿರಿರಾಜ್ ಒಳಗೆ ಬಂದದ್ದೇ ತಡ, ಬಾಯಿಗೇ ಒಂದನ್ನು ಇಟ್ಟರು.

"ಭೇಷ್ ಗಿರಿರಾಜ್! ಎಂಥಾ ಕೆಲ್ಸ ಮಾಡಿದೀಯಪ್ಪ!"

"ಅಯ್ಯೋ, ಏನ್ ಮಹಾ ಸಾರ್," ಎಂದ ಗಿರಿರಾಜ್ ಬಾದುಷಾ ತುಂಬಿದ ಬಾಯಲ್ಲಿ. "ಒಂದು ಸ್ಟೂಲ್ ಹಾಕ್ಕೊಂಡು ಹತ್ತಿ ತಂತಿ ಎಳೆದೆ, ಅಷ್ಟೇ."

ಚನ್ನವೀರೇಶ್ ಕರ್ನಲ್ಲಿಗೂ ಸ್ಟೂಲಿಗೂ ಏನು ನಂಟೆಂದು ಯೋಚಿಸುತ್ತ ನಿಂತರು. ಶಶಿ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ. ವಚನಾ ತನ್ನ ಪಾಲಿನ ಬಾದುಷಾ ಕೈಯಲ್ಲೇ ಹಿಡಿದಿದ್ದಳು.

ಊಟದ ಹೊತ್ತಿಗೆ ಉಸ್ತುವಾರಿಯವರ ಉತ್ತರ ಬಂತು. ಯಾವುದೋ ಚಳಿದೇಶದ ಹೆಂಗಸು ಆಕೆ. ಶಶಿ ಗಟ್ಟಿಯಾಗಿ ಓದಿದ: "ಗಿರಿರಾಜ್ ಅವರೇ, ಇಲ್ಲಿ ಪಾಯಿಂಟರ್ ನಿಜವಾಗಿಯೂ ಖಾಲಿಯಾಗುವುದುಂಟೆ? ಇಲ್ಲವಾದರೆ ಚೆಕ್ ಅಳಿಸಿದರೆ ಸಾಕಲ್ಲ. ಉತ್ತರ ತೃಪ್ತಿಕರವಾದರೆ ಇಂದೇ ಸೇರಿಸುತ್ತೇನೆ."

ಗಿರಿರಾಜ್ ಬಗ್ಗಿ ಪರದೆ ನೋಡಿದ. ಮೇಲಿನಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ ಓದಿದ. ಮೂಲೆಯ ಕಂಪ್ಯೂಟರಿನ ಕಡೆ ಕಣ್ಣು ಹೋಯಿತು. ಆಮೇಲೆ ವಚನಾಳ ಕಡೆ.

"ಬಾರಮ್ಮ," ಎಂದ. "ಖಾಲಿ ಆಗತ್ತಾ?"

"ಆಗತ್ತೆ ಸಾರ್. ತೂಕ ಓದ್ತಾ ಇರುವಾಗ ಯಾರಾದ್ರೂ ತಂತಿ ಕಿತ್ರೆ."

"ಡೇರಿಲಿ ಬೆಳಗಿನ ಹೊತ್ತು ಎಲ್ರೂ ಅದನ್ನ ಎಡವ್ತಾನೇ ಇರ್ತಾರೆ. ಈಗ ನೋಡ್ಕೊಂಡ್ ಬಂದೆ. ತೋರ್ಸು."

ಮೊದಲು ಹಳೆಯ ಕೋಡ್. ತಕ್ಕಡಿಯ ಮೇಲೆ ಹಾಲಿನ ಬದಲು ಜಗದಾಂಬಾ ಕಟ್ಟಿಕೊಟ್ಟಿದ್ದ ಬುತ್ತಿಯಿಟ್ಟರು. ತೂಕ ಕುಣಿಯುತ್ತಿರುವಾಗಲೇ ವಚನಾ ತಂತಿ ಕಿತ್ತಳು. ಪರದೆಯ ತುಂಬ ಬಿಳಿ ಅಕ್ಷರ ಉಕ್ಕಿತು, ಕಂಪ್ಯೂಟರ್ ಮರಗಟ್ಟಿ ನಿಂತಿತು.

"ನನ್ ಕೋಡ್ ಸ್ವಾಮಿ ಇದು," ಎಂದು ಶಶಿ ಎದೆಯ ಮೇಲೆ ಕೈಯಿಟ್ಟುಕೊಂಡ. "ಎಷ್ಟು ಡೇರಿಲಿ ಎಷ್ಟು ಬೈಗುಳ ತಿಂದಿದೀನೋ, ಆ ಮಹಾದೇವನೇ ಬಲ್ಲ."

ಆಮೇಲೆ ಹೊಸದು. ತಂತಿ ಕಿತ್ತಳು. 'ತಕ್ಕಡಿ ಇಲ್ಲ' ಎಂದು ಒಂದೇ ಸಾಲು ಬಂತು. ಮತ್ತೆ ಚುಚ್ಚಿದಳು, ತೂಕ ಬಂತು. ಕಿತ್ತಳು, ಚುಚ್ಚಿದಳು. ಯಂತ್ರ ಬೀಳಲೇ ಇಲ್ಲ. ಚನ್ನವೀರೇಶ್ ತಾವೂ ಒಂದು ಸಲ ಕಿತ್ತರು, ಶಶಿ ಬೇಕೆಂದೇ ಎಡವಿ ಕಿತ್ತ, ಕೊನೆಗೆ ಎಲ್ಲರೂ ಮಕ್ಕಳ ಹಾಗೆ ಸರದಿಗಾಗಿ ಜಗಳ ಮಾಡತೊಡಗಿದರು. ಕೆಳಗಿನ ಬೇರಿಂಗ್ ಅಂಗಡಿಯವರು ಮೇಲೆ ಏನು ಮದುವೆಯೋ ಎಂದು ಕೂಗಿ ಕೇಳಿದರು. ವಚನಾಳಿಗೆ ನಗುತ್ತ ನಗುತ್ತ ಹೆಸರಿನ ನೆನಪೇ ಹೋಯಿತು. ಮಾಡಿದ ಕೆಲಸ ಗಟ್ಟಿಯಾಗಿ ಉಳಿಯಿತಲ್ಲ, ಅದನ್ನು ಶಿವ ನೋಡಿದನಲ್ಲ ಅನ್ನಿಸಿತು. ಆಗಲೇ ಅವಳು ಬಾದುಷಾ ತಿಂದದ್ದು.

"ಉತ್ರ ನಾನ್ ಬರೀತೀನಿ, ನೀವು ಊಟ ಮಾಡಿ," ಎಂದ ಗಿರಿರಾಜ್.

ಬುತ್ತಿಯ ಡಬ್ಬಿ ತೊಳೆದು ಮೇಜಿಗೆ ಮರಳಿದಾಗ ಮೇಲ್ ಪುಟದಲ್ಲಿ ತಿದ್ದುಪಡಿಯ ಎರಡನೆಯ ಪ್ರತಿ ಬಂದು ಕೂತಿತ್ತು. ತಂತಿ ಕಿತ್ತರೆ ಆಗುವುದನ್ನು ಅವಳು ಹೇಳಿದ ಹಾಗೆಯೇ ಬರೆದಿತ್ತು. ಜೊತೆಗೊಂದು ಸಾಲು: 'ಹಿಂದಿನ ಪ್ರತಿಯಲ್ಲಿ ಬರೆದವರ ಹೆಸರು ತಪ್ಪಾಗಿತ್ತು. ದಯವಿಟ್ಟು ಇದನ್ನು ತೆಗೆದುಕೊಳ್ಳಿ.' ಕೆಳಗೆ, ಪರೀಕ್ಷಿಸಿದವರು: ಗಿರಿರಾಜ್. ಮೇಲೆ, ಬರೆದವರು: ವಚನಾ.

ಅವಳು ತಲೆಯೆತ್ತಿದಳು. ಗಿರಿರಾಜ್ ಅವಳ ಕಡೆ ನೋಡಲಿಲ್ಲ; ಪ್ಯಾಂಟಿನ ಮೇಲೆ ಒಣಗಿದ ಕೆಸರನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ.