ಅಡಾಪ್ಟರಿಗೇಕೆ ಮಖಮಲ್ಲಿನ ಅಂಗಿ?

೧೯೯೬ರ ಬೇಸಿಗೆ ರಜೆಯ ಕೊನೆಯ ದಿನ. ಚಾಮರಾಜಪೇಟೆಯ ಭಾಗೀರಥಮ್ಮನವರ ಮನೆಯಲ್ಲಿ ಎಲ್ಲರ ಎದೆಯೂ ಡವಡವ! ಟಿವಿ ಗೇಮಿನ ಕಾರ್ ರೇಸಿನಲ್ಲಿ ಅಜ್ಜಿ ಹತ್ತು ಸಲ ಗೆದ್ದಿದ್ದರು, ಮೊಮ್ಮಗಳು ಆರಾಧನಾ ಹತ್ತು ಸಲ. ಇನ್ನೊಂದೇ ಆಟ ಬಾಕಿ. ಆರು ಗಂಟೆಯ ಬಸ್ಸಿಗೆ ಮಗು ತುಮಕೂರಿಗೆ ಹೊರಡಬೇಕು. ಮತ್ತೆ ಬರುವುದು ದಸರೆಗೆ.

ಮೂರು ಗಂಟೆಗೆ ಸ್ವಿಚ್ ಹಾಕಿದರೆ ಗೇಮಿನ ಕೆಂಪು ದೀಪ ಹತ್ತಲೇ ಇಲ್ಲ.

“ಅಡಾಪ್ಟರ್ ಹೋಗಿರತ್ತೆ, ಅಷ್ಟೇ” ಎಂದು ಅಜ್ಜ ರಾಮಸ್ವಾಮಿ ಟೇಪ್ ರೆಕಾರ್ಡರಿನ ಅಡಾಪ್ಟರ್ ತಂದರು. “ನೋಡೇ, ಪಿನ್ ಎಷ್ಟು ಚೆನ್ನಾಗಿ ಕೂರ್ತು! ಎಲ್ಲಾ ಒಂದೇ.”

“ಸ್ವಿಚ್ ಹಾಕ್ಬೇಡಿ ಸಾರ್!”

ಕೂಗಿದವರು ಪಕ್ಕದ ಮನೆಯ ಮಹಾನಂದ ಮೇಡಂ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರು. ಫೈನಲ್ ನೋಡಲೆಂದೇ ಬಂದಿದ್ದರು.

“ಪಿನ್ ಕೂತ್ರೆ ಆಯ್ತಾ? ಅದರ ಮೇಲೆ ಬರ್ದಿರೋದು ಓದಿ. ಗೇಮಿನ ಹಿಂದೆ ಒಂಬತ್ತು ವೋಲ್ಟ್ ಅಂತಿದೆ, ಇದು ಹನ್ನೆರಡು. ಪ್ಲಸ್ಸು ಮೈನಸ್ಸೂ ಉಲ್ಟಾ. ಗೇಮೇ ಸುಟ್ಟು ಹೋಗೋದು!”

ಮೂವತ್ತು ವರ್ಷ ಕಚೇರಿಯಲ್ಲಿ ಫೈಲು ತಿದ್ದಿದ ರಾಮಸ್ವಾಮಿ ಅಷ್ಟು ಸುಲಭಕ್ಕೆ ಒಪ್ಪುತ್ತಾರೆಯೇ? “ಹಾಗಾದ್ರೆ ಹಳೇದನ್ನೇ ಬಿಚ್ಚಿ ನೋಡ್ತೀನಿ. ಸ್ಕ್ರೂಡ್ರೈವರ್ ಎಲ್ಲೇ?”

“ಬಿಚ್ಚಲೇಬೇಡಿ, ಶಾಕ್ ಹೊಡೆಯತ್ತೆ. ಮೊದಲು ಗೋಡೇಲಿ ಕರೆಂಟ್ ಇದ್ಯಾ ನೋಡೋಣ.”

ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿದರು. ಝಗ್ಗನೆ ಹತ್ತಿತು. ಗೋಡೆಯದು ತಪ್ಪಿಲ್ಲ. ಮೇಡಂ ತಮ್ಮ ಮನೆಯಿಂದ ವೋಲ್ಟ್ ಅಳೆಯುವ ಮೀಟರ್ ತಂದು, “ಎಲ್ಲಿ ಗೇಮಿನ ಅಡಾಪ್ಟರ್?” ಎಂದರು.

ಆರಾಧನಾ ಟಿವಿ ಹಿಂದಿನಿಂದ ಎತ್ತಿಕೊಟ್ಟಳು. ಅದಕ್ಕೊಂದು ಮೆರೂನ್ ಮಖಮಲ್ಲಿನ ಅಂಗಿ, ಸುತ್ತ ಲೇಸು! ಟಿವಿ, ಮಿಕ್ಸಿ, ಫೋನು ಎಲ್ಲಕ್ಕೂ ಕವರ್ ಹೊಲಿಯುವ ಭಾಗೀರಥಮ್ಮ ಇದನ್ನೂ ಬಿಟ್ಟಿರಲಿಲ್ಲ.

“ಧೂಳು ಕೂರಬಾರ್ದು ಅಂತ...” ಎಂದರು ಮೆಲ್ಲಗೆ.

ಅಂಗಿ ಬಿಚ್ಚಿದರೆ ಸುಟ್ಟ ವಾಸನೆ. ಪ್ಲಗ್ಗಿಗೆ ಹಾಕಿ ಮೀಟರ್ ಹಿಡಿದರೆ ಸೊನ್ನೆ.

“ಅಮ್ಮಾ, ಇದಕ್ಕೆ ಗಾಳಿ ಆಡ್ಬೇಕು. ಈ ಸೆಖೇಲಿ ಮಖಮಲ್ ಹೊದಿಸಿದ್ರೆ ಕಾದೂ ಕಾದೂ ಸತ್ತೋಗಿದೆ. ಪುಣ್ಯ, ಬೆಂಕಿ ಹತ್ಲಿಲ್ಲ.”

ಭಾಗೀರಥಮ್ಮನವರಿಗೆ ನಾಚಿಕೆಯೂ ಆಯಿತು, ನಗುವೂ ಬಂತು. “ಅಯ್ಯೋ ಪುಟ್ಟಾ, ಆಡಿ ಆಡಿ ಕೆಡಿಸ್ತೀಯ ಅಂತ ನಿನ್ನನ್ನೇ ಬೈದೆನಲ್ಲೇ!”

ಈಗ ರಾಮಸ್ವಾಮಿಯವರ ಸರದಿ. ಹಳೆಯದರ ಮೇಲಿದ್ದುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಆಟೊ ಹತ್ತಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಓಡಿದರು. ನಾಲ್ಕೂ ಮುಕ್ಕಾಲಿಗೆ ಬೆವರು ಸುರಿಸುತ್ತ ಬಂದರು. “ಒಂಬತ್ತೇ ವೋಲ್ಟು! ಕರೆಂಟ್ ಕೊಡೋ ಆಂಪ್ಸೂ ಹಳೇದಕ್ಕಿಂತ ಕಮ್ಮಿ ಇಲ್ಲ! ಪ್ಲಸ್ ಮೈನಸ್ ಚಿತ್ರಾನೂ ಅದೇ! ಮೂರು ಸಲ ಓದಿದೀನಿ!”

ಕೆಂಪು ದೀಪ ಹತ್ತಿತು. ಆರಾಧನಾ ಕಿರುಚಿದ ರಭಸಕ್ಕೆ ಬೀದಿಯವರೆಲ್ಲ ಕಿಟಕಿಗೆ ಬಂದರು. ಕೊನೆಯ ತಿರುವಿನಲ್ಲಿ ಅಜ್ಜಿಯ ಕಾರು ಗೋಡೆಗೆ ಗುದ್ದಿತು. ಸೋತ ಅಜ್ಜಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಆ ಮಖಮಲ್ಲಿನ ಅಂಗಿಯಲ್ಲಿ ಈಗ ರಾಮಸ್ವಾಮಿಯವರ ಕನ್ನಡಕವಿದೆ. ಅಡಾಪ್ಟರಿನ ಸಣ್ಣಕ್ಷರ ಓದಲು ಅದು ಬೇಕೇ ಬೇಕಲ್ಲ!

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಟಿವಿಯ ಹಿಂದೆ ಇವತ್ತೇ ಒಮ್ಮೆ ಇಣುಕಿ. ಅಡಾಪ್ಟರಿಗೆ ಬಟ್ಟೆ ಹೊದಿಸಿದ್ದರೆ ಸ್ವಿಚ್ ಆರಿಸಿ ತೆಗೆದುಬಿಡಿ. ಕೆಟ್ಟರೆ ಬಿಚ್ಚಬೇಡಿ. ಪಿನ್ ಕೂತಿತೆಂದು ಕಂಡದ್ದನ್ನೆಲ್ಲ ಸಿಕ್ಕಿಸಲೂ ಬೇಡಿ. ಮೊದಲು ಓದಿ, ಆಮೇಲೆ ಸ್ವಿಚ್ ಹಾಕಿ. ನಿಮ್ಮ ಮನೆಯ ಮಕ್ಕಳ ರಜೆಯೂ ಗೆದ್ದೇ ಮುಗಿಯಲಿ.