ಕೋಳಿ ಕಾವಿನ ನಾಲ್ಕು ಶೀಸೆ

"ಎಂಟನೇ ಕ್ಲಾಸು ದಾಟದವನ ಕೈಯಾಗ ಊರ ಟಾಕಿ ಕೊಟ್ರ ಇನ್ನೇನಾಗತೈತಿ? ಅದರಾಗ ಇಳದು ಕಾಲು ತೊಳಕಂಡು ಬಂದಾನ. ಆ ನೀರು ನಾವು ಕುಡದೀವಿ. ಹೊಟ್ಟಿ ಕೆಡದಂಗ ಇರತೈತೇನು?"

ನಾಗಪ್ಪ ಇದನ್ನು ಹೇಳಿದ್ದು ಪಂಚಾಯ್ತಿ ಕಟ್ಟೆಯ ಮುಂದೆ, ನೂರು ಜನರ ನಡುವೆ. ಅವನದು ಗೊಬ್ಬರದ ಅಂಗಡಿ, ಪಂಚಾಯ್ತಿ ಮೆಂಬರೂ ಹೌದು. ನಾನು ಓಬಳೇಶ, ಊರಿನ ನೀರುಗಂಟಿ. ಟಾಕಿಗೆ ಇಳಿದು ತೊಳೆಯುವುದು, ದಿನಾ ಬ್ಲೀಚಿಂಗ್ ಪುಡಿ ಕಲಸಿ ಹಾಕುವುದು, ಓಣಿ ಓಣಿಗೆ ವಾಲ್ವ್ ತಿರುಗಿಸುವುದು ನಾಲ್ಕು ವರ್ಷದಿಂದ ನನ್ನ ಕೆಲಸ. ಯಾವ ಕೇರಿಯ ಕಾಲು ಅಂತ ಅವನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೆಲವರು ನೆಲ ನೋಡಿದರು. ಇಬ್ಬರು ನಕ್ಕರು. ಆ ಇಬ್ಬರು ಯಾರು ಅಂತ ನನಗೆ ಇವತ್ತಿಗೂ ನೆನಪಿದೆ.

ಊರಿನಲ್ಲಿ ಮೂರು ದಿನದಲ್ಲಿ ಇಪ್ಪತ್ತಾರು ಜನಕ್ಕೆ ವಾಂತಿ ಭೇದಿ ಆಗಿತ್ತು. ಶಾಲೆಯ ವರಾಂಡದಲ್ಲಿ ಮಲಗಿಸಿ ಸಲೈನ್ ಏರಿಸಿದ್ದರು. ನಾಗಪ್ಪನ ಮೊಮ್ಮಗಳೂ ಅಲ್ಲೇ ಇದ್ದಳು.

ಪಂಚಾಯ್ತಿ ಅಧಿಕಾರಿ ಪ್ರವೀಣಕುಮಾರ್ ನನ್ನ ಮುಖ ನೋಡದೆ ಹೇಳಿದರು. "ಸೋಮವಾರ ಮೀಟಿಂಗ್ ಐತಪ್ಪ. ಅಲ್ಲಿತನಕ ನೀನು ಟಾಕಿ ಹತ್ತಬ್ಯಾಡ, ವಾಲ್ವ್ ಅಷ್ಟೇ ನೋಡ್ಕ. ಆಮ್ಯಾಲೆ ಬ್ಯಾರೆ ಯಾರನ್ನಾರ ನೇಮಕ ಮಾಡತೀವಿ."

ಅವತ್ತು ಗುರುವಾರ. ನಾಗಪ್ಪನ ಕಡೆ ಒಂದು ಹೆಜ್ಜೆ ಮುಂದಿಟ್ಟಿದ್ದೆ. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು. ತಿರುಗಿ ನೋಡಿದರೆ ರೇಖಕ್ಕ, ನಮ್ಮ ದೊಡ್ಡಪ್ಪನ ಮಗಳು, ಊರಿನ ಆಶಾ ಕಾರ್ಯಕರ್ತೆ.

"ಸಿಟ್ಟು ಎಲ್ಲಿಗೂ ಹೋಗಂಗಿಲ್ಲ, ಆಮ್ಯಾಲೆ ಮಾಡಕ್ಯಂತಿ. ಬಾ ಇಲ್ಲಿ."

ಪಂಚಾಯ್ತಿ ಕಪಾಟಿನಲ್ಲಿ ಒಂದು ನೀಲಿ ಪೆಟ್ಟಿಗೆ ಇತ್ತು. ನೀರು ಪರೀಕ್ಷೆ ಮಾಡುವ ಸಾಮಾನು. ಕೂಡ್ಲಿಗಿಯಲ್ಲಿ ರೇಖಕ್ಕನಿಗೆ ತರಬೇತಿ ಕೊಟ್ಟು ಇದನ್ನು ಕಳಿಸಿದ್ದರು, ಬಂದಾಗಿನಿಂದ ಯಾರೂ ಮುಚ್ಚಳ ತೆಗೆದಿರಲಿಲ್ಲ. ರೇಖಕ್ಕ ಅದರಿಂದ ಹೆಬ್ಬೆರಳಿನ ಗಾತ್ರದ ಶೀಸೆಗಳನ್ನು ತೆಗೆದು, ತಾರೀಖು ನೋಡಿ, ನನ್ನ ಅಂಗೈ ಮೇಲೆ ಇಟ್ಟಳು.

"ಇದರಾಗ ಬ್ಯಾಕ್ಟೀರಿಯಾಕ್ಕ ಊಟ ಐತಿ. ನೀರಾಗ ಹೊಲಸು ಸೇರಿದ್ರ ಅವು ಉಂಡು ಬೆಳೀತಾವ, ಶೀಸೆ ಕಪ್ಪಗಾಗತೈತಿ. ಇಲ್ಲಂದ್ರ ಹಂಗೇ ಇರತೈತಿ."

"ಬೆಳಿಯಾಕ ಎಷ್ಟೊತ್ತು ಬೇಕು?"

"ಊಟ, ತೇವ, ಕಾವು ಇಷ್ಟು ಸಿಕ್ರ ಸಾಕು, ಇಪ್ಪತ್ತು ನಿಮಿಷಕ್ಕ ಒಂದು ಇದ್ದದ್ದು ಎರಡಾಗತೈತಿ."

ಗಣಿತದಲ್ಲಿ ಹನ್ನೊಂದು ಅಂಕ ಬಂದು ಶಾಲೆ ಬಿಟ್ಟವನು ನಾನು. ಆದರೂ ಪಂಪ್‌ಹೌಸಿನ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯತೊಡಗಿದೆ. ಒಂದು, ಎರಡು, ನಾಲ್ಕು, ಎಂಟು. ಮೂರು ತಾಸಿಗೆ ಐನೂರ ಹನ್ನೆರಡು. ಇಷ್ಟೇನಾ ಅನ್ನಿಸಿತು. ಮುಂದೆ ಹೋದೆ. ಏಳು ತಾಸಿಗೆ ಇಪ್ಪತ್ತು ಲಕ್ಷ ದಾಟಿತು. ತಪ್ಪಿರಬೇಕೆಂದು ಅಳಿಸಿ ಮತ್ತೆ ಕೂಡಿದೆ. ಮತ್ತೆ ಅಷ್ಟೇ. ಕಣ್ಣಿಗೆ ಕಾಣದ ಒಂದು, ಬೆಳಗಿನ ಊಟದಿಂದ ಸಂಜೆಯ ಚಹಾದೊಳಗೆ ಒಂದು ಜಿಲ್ಲೆಯ ಜನಸಂಖ್ಯೆ ಆಗುತ್ತದೆ. ನನಗೆ ಅರ್ಧ ಖುಷಿ, ಅರ್ಧ ಭಯ.

ಭಯಕ್ಕೆ ಕಾರಣ ಇತ್ತು. ಹಿಂದಿನ ವಾರ ಮಳೆ ಬಂದ ದಿನ ಬ್ಲೀಚಿಂಗ್ ಚೀಲದ ಬಾಯಿ ಕಟ್ಟುವುದನ್ನು ಮರೆತಿದ್ದೆ. ಗಾಳಿ ತಾಗಿದರೆ ಆ ಪುಡಿಗೆ ಕಸುವು ಇರುವುದಿಲ್ಲ. ಇದನ್ನು ರೇಖಕ್ಕನಿಗೂ ಹೇಳಿರಲಿಲ್ಲ.

ನಾಲ್ಕು ಶೀಸೆ ತುಂಬಿದೆವು. ಒಂದು ಟಾಕಿಯ ಬುಡದ ನಲ್ಲಿಯದು, ಒಂದು ಶಾಲೆಯದು, ಒಂದು ನಾಗಪ್ಪನ ಮನೆಯದು, ಒಂದು ನಮ್ಮ ಮನೆಯದು. ಇನ್ನು ಅವಕ್ಕೆ ಮೈ ಬಿಸಿಯಷ್ಟು ಕಾವು ಬೇಕು. ಆಷಾಢದ ಗಾಳಿ, ಮೋಡ, ಎಲ್ಲಿಡುವುದು? ನಮ್ಮ ಹಿತ್ತಲಿನ ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಶೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಮೊಟ್ಟೆಗಳ ಪಕ್ಕ ಸರಿಸಿದೆ. ಅದು ನನ್ನ ಮಣಿಕಟ್ಟಿಗೆ ಎರಡು ಸಲ ಕುಕ್ಕಿ ಸುಮ್ಮನಾಯಿತು.

ಅವ್ವ ಉಚ್ಚಂಗೆಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕೋಳಿ ಕೆಳಗ ಶೀಸೆ ಇಡತಾರೇನಲೇ? ಏನ್ ಮರಿ ಮಾಡಸ್ತಿ?"

"ನಾಗಪ್ಪನ ಮನಿ ಬ್ಯಾಕ್ಟೀರಿಯಾ."

"ಅವು ಹುಟ್ಟಿದ ಮ್ಯಾಲೆ ಅವರ ಮನಿಗೇ ಬಿಟ್ಟು ಬಾ. ನಮಗ ಕಾಳು ಹಾಕಾಕ ಆಗಂಗಿಲ್ಲ."

ಶುಕ್ರವಾರ ಆರು ಸಲ ಕೋಳಿ ಎತ್ತಿ ನೋಡಿದೆ. ಮಧ್ಯಾಹ್ನದವರೆಗೂ ನಾಲ್ಕೂ ಒಂದೇ ಬಣ್ಣ, ತಿಳಿ ಚಹಾದಂತೆ. ಸಂಜೆ ಒಂದರ ತಳದಲ್ಲಿ ಕಪ್ಪು ಎಳೆ ಕಂಡಿತು. ನಾಗಪ್ಪನದು. ಹಿತ್ತಲಲ್ಲಿ ಒಬ್ಬನೇ ಕುಣಿದೆ, ನಾಚಿಕೆ ಇಲ್ಲದೆ. ಬೆಳಿಗ್ಗೆ ಅದು ಮಸಿಯಾಗಿತ್ತು. ಟಾಕಿಯದು ತಿಳಿ. ಶಾಲೆಯದೂ ತಿಳಿ. ನಾಲ್ಕನೆಯದನ್ನು ಬೆಳಕಿಗೆ ಹಿಡಿದೆ. ನಮ್ಮ ಮನೆಯದು. ಅದು ನಾಗಪ್ಪನದಕ್ಕಿಂತ ಕಪ್ಪಾಗಿತ್ತು.

ಬಚ್ಚಿಟ್ಟುಬಿಡಲೇ ಅಂದುಕೊಂಡೆ. ನಿಜ ಹೇಳುತ್ತೇನೆ, ಜೇಬಿಗೆ ಹಾಕಿಯೂ ಹಾಕಿದ್ದೆ. ಅಷ್ಟರಲ್ಲಿ ರೇಖಕ್ಕ ಬಂದು ಕೈ ಚಾಚಿದಳು. ನಾಲ್ಕನ್ನೂ ಸಾಲಾಗಿಟ್ಟು ನೋಡಿ, "ಟಾಕಿ ಚೊಲೋ ಐತಿ. ಶಾಲಿ ನಲ್ಲಿ ಚೊಲೋ ಐತಿ. ಇವೆರಡು ಕೆಟ್ಟಾವ. ಇವೆರಡು ಮನ್ಯಾಗ ಏನೈತಿ, ಶಾಲ್ಯಾಗ ಏನಿಲ್ಲ?" ಅಂದಳು.

ಗುಂಡಿ. ಶಾಲೆಯ ನಲ್ಲಿ ಕಟ್ಟೆಯ ಮೇಲಿದೆ. ಊರ ಮನೆಗಳಲ್ಲಿ ನೀರು ಜೋರಾಗಿ ಬರುವುದಿಲ್ಲವೆಂದು ಎಲ್ಲರೂ ಮೊಣಕಾಲುದ್ದ ಗುಂಡಿ ತೋಡಿ, ಪೈಪು ಕೊಯ್ದು, ಕೊಡ ಕೆಳಗಿಟ್ಟು ಹಿಡಿಯುತ್ತಾರೆ. ಮಳೆ ಬಂದರೆ ಚರಂಡಿ ತುಂಬಿ ಗುಂಡಿಗೆ ಇಳಿಯುತ್ತದೆ. ನಾನು ವಾಲ್ವ್ ಬಂದ್ ಮಾಡಿದಾಗ ಪೈಪುಗಳು ಸೊರ್ ಅಂತ ಎಳೆದುಕೊಳ್ಳುವ ಸದ್ದನ್ನು ನಾಲ್ಕು ವರ್ಷ ಕೇಳಿದ್ದೆ. ಏನನ್ನು ಎಳೆದುಕೊಳ್ಳುತ್ತವೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಶನಿವಾರವೇ ನಮ್ಮ ಮನೆಯ ಮುಂದೆ ಜನ ಕೂಡಿಸಿದೆ. ಪ್ರವೀಣಕುಮಾರ್ ಬಂದರು. ಎಲ್ಲಕ್ಕಿಂತ ಕಪ್ಪು ಶೀಸೆ ನಮ್ಮದೆಂದು ತಿಳಿದು ನಾಗಪ್ಪನೂ ಓಡಿ ಬಂದ.

"ನಾನು ಏನಂದಿದ್ನಿ? ಇವರ ಮನ್ಯಾಗೇ ಐತಿ ರೋಗ."

ಅವ್ವನ ಡಬ್ಬಿಯ ಅರಿಶಿನ ಪೂರ್ತಿ ನಮ್ಮ ಗುಂಡಿಯ ಕೊಳಚೆಗೆ ಸುರಿದೆ. ಓಡಿ ಹೋಗಿ ವಾಲ್ವ್ ಬಂದ್ ಮಾಡಿದೆ. ಪೈಪು ಸೊರ್ ಅಂತು. ಎಲ್ಲರೂ ಬಗ್ಗಿದರು. ಗುಂಡಿಯ ಹಳದಿ ನೀರು ಬೆರಳು, ಎರಡು ಬೆರಳು, ಗೇಣು ಇಳಿಯಿತು. ಮತ್ತೆ ಓಡಿ ವಾಲ್ವ್ ಬಿಟ್ಟೆ. ಆಚೆ ಮನೆಯ ಕರಿಯಕ್ಕ ಕೂಗಿದಳು.

"ಯಪ್ಪಾ, ನಮ್ಮ ನಲ್ಲಿಯಾಗ ಸಾರು ಬಂತು ನೋಡ್ರಿ."

ಹಳದಿ. ಅವಳ ಕೊಡದ ತುಂಬ ಹಳದಿ. ಜನ ಹೋ ಅಂದರು. ಪ್ರವೀಣಕುಮಾರ್ ಕೊಡದಲ್ಲಿ ಇಣುಕಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. "ಬೆಳಿಗ್ಗೆ ಇದೇ ಓಣ್ಯಾಗ ಚಹಾ ಕುಡದೀನಿ."

"ಕುದಿಸಿದ್ರ ಸಾಯತಾವ ಬಿಡ್ರಿ ಸರ, ಏನಾಗಂಗಿಲ್ಲ," ಅಂದಳು ರೇಖಕ್ಕ. "ಉಳಿದವರೂ ಕುದಿಸೇ ಕುಡೀರಿ, ಗುಂಡಿ ಮುಚ್ಚೋತನಕ."

ಮೊದಲು ಮುಚ್ಚಿದ್ದು ನಮ್ಮ ಗುಂಡಿ. ಅವ್ವ ಬೈಯುತ್ತಲೇ ಕಲ್ಲು ಎತ್ತಿ ಕೊಟ್ಟಳು. ಪೈಪು ಸೊಂಟದೆತ್ತರಕ್ಕೆ ಏರಿಸಿ ನಲ್ಲಿ ಕೂಡಿಸಿದೆ. ನಾನು ಟಾಕಿ ಹತ್ತುವಂತಿರಲಿಲ್ಲವಲ್ಲ, ಹಾಗಾಗಿ ಬ್ಲೀಚಿಂಗ್ ಪುಡಿ ಕಲಸಿದ ತಿಳಿನೀರು ಹಿಡಿದು ಏಣಿ ಹತ್ತಿದ್ದು ಪ್ರವೀಣಕುಮಾರ್. ನಡುವೆ ನಿಂತು ಕೆಳಗೆ ನೋಡಿದರು. "ದಿನಾ ಇದನ್ನ ಹತ್ತತೀಯೇನೋ ಮಾರಾಯ?" ಕೆಳಗಿನಿಂದ ನಾನು ಅಳತೆ ಹೇಳಿದೆ. ಹೊಸ ಚೀಲ ಒಡೆದು ಎರಡರಷ್ಟು ಹಾಕಿ, ಅರ್ಧ ತಾಸು ಕಾದು, ಕುಡಿಯಬೇಡಿ ಅಂತ ಡಂಗುರ ಹೊಡೆಸಿ, ಓಣಿ ಓಣಿಯ ಪೈಪು ತೊಳೆದು ಹೊರಗೆ ಬಿಟ್ಟೆವು. ಕತ್ತಲಾಗುವ ಮುಂಚೆ ನಮ್ಮ ನಲ್ಲಿಯಿಂದ ಮತ್ತೊಂದು ಶೀಸೆ ತುಂಬಿ ಕೋಳಿಯ ಕೆಳಗೆ ಇಟ್ಟೆ.

ಭಾನುವಾರ ಊರೆಲ್ಲ ಗುಂಡಿ ಮುಚ್ಚುವ ಸದ್ದು. ನಾಗಪ್ಪನ ಮನೆಯದೂ ಮುಚ್ಚಿತು, ಅವನು ಹೊರಗೆ ಬರಲಿಲ್ಲ. ಶಾಲೆಯ ವರಾಂಡಕ್ಕೆ ಹೊಸ ರೋಗಿ ಒಬ್ಬರೂ ಬರಲಿಲ್ಲ.

ಸೋಮವಾರ ಮೀಟಿಂಗಿಗೆ ಆ ಹೊಸ ಶೀಸೆ ಒಯ್ದು ಮೇಜಿನ ಮೇಲೆ ಇಟ್ಟೆ. ಕಪ್ಪಾಗಿರಲಿಲ್ಲ, ಅದೇ ತಿಳಿ ಚಹಾದ ಬಣ್ಣ. ಕೈಯಿಂದ ಕೈಗೆ ಹೋಯಿತು, ಒಬ್ಬೊಬ್ಬರೂ ಬೆಳಕಿಗೆ ಹಿಡಿದು ನೋಡಿದರು. ಚೀಲದ ಬಾಯಿ ಕಟ್ಟದೆ ಬಿಟ್ಟಿದ್ದನ್ನು ನಾನೇ ಎದ್ದು ಹೇಳಿದೆ, ಮುಚ್ಚಳದ ಡ್ರಮ್ಮು ಬೇಕು ಅಂದೆ. ಪ್ರವೀಣಕುಮಾರ್ ಬರೆದುಕೊಂಡರು. "ಟಾಕಿ ಓಬಳೇಶನೇ ನೋಡಕ್ಯಂತಾನ. ಯಾರದಾರ ತಕರಾರು ಐತೇನು?" ಯಾರದೂ ಇರಲಿಲ್ಲ.

ಜನ ಎದ್ದ ಮೇಲೆ ನಾಗಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಗೋಡೆಯ ಮರೆಗೆ ಕರೆದೊಯ್ದ. ಅವತ್ತು ಕಟ್ಟೆಯಾಚೆಗೂ ಕೇಳಿದ್ದ ದನಿ ಇವತ್ತು ನನ್ನ ಕಿವಿಗೂ ಸರಿಯಾಗಿ ಮುಟ್ಟಲಿಲ್ಲ.

"ಕೂಸಿಗೆ ಹುಷಾರಿರಲಿಲ್ಲ, ಮಾತಿಗೆ ಮಾತು ಬಂತಪ. ಮನಸಿನಾಗ ಏನೂ ಇಟ್ಕಬ್ಯಾಡ. ಇಲ್ಲ ಅಲ್ಲ?"

ಅವನ ಕೈಯನ್ನು ಹೆಗಲಿನಿಂದ ತೆಗೆದೆ. ಕಟ್ಟೆ ಇಳಿದು, ಇನ್ನೂ ಚದುರದ ಜನರ ನಡುವೆ ಹಾದು, ಟಾಕಿಯ ಕಡೆ ನಡೆದೆ.